ಎಂತದ್ದೂ ಎಳೀಬೇಡಿ ಅಂದಿದ್ದರು

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಬೇರೆ ಆಸ್ಪತ್ರೆಗಳಲ್ಲಾದರೆ ಪಕ್ಕದಲ್ಲಿ ಕೂತವರು ಎಲ್ಲಿಂದ ಬಂದದ್ದು, ಯಾರ ಕಡೆಯವರು, ಎಂತ ತೊಂದರೆ ಎಂದು ವಿಚಾರಿಸಿಯೇ ವಿಚಾರಿಸುತ್ತಾರೆ. ಇಲ್ಲಿ ಎಲ್ಲರೂ ಒಂದು ಕೈಯನ್ನು ಕೆನ್ನೆಗೆ ಕೊಟ್ಟು ಎದುರು ಗೋಡೆಯ ಮೇಲೆ ನಗುತ್ತಿರುವ ಹೆಂಗಸಿನ ಫೋಟೋ ನೋಡುತ್ತಾ ಕೂತಿರುತ್ತಾರೆ. ಹಂಪನಕಟ್ಟೆಯ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಆ ಫೋಟೋದ ಎದುರು ನಾನು ಈ ವರ್ಷ ಎಂಟು ಸಲ ಕೂತೆ. ಒಂದು ಬುದ್ಧಿ ಹಲ್ಲು ತೆಗೆಸಲಿಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು ಸಲ ಹೋದರೆ ಸಾಕು. ಉಳಿದಷ್ಟು ಸಲ ಯಾಕೆ ಹೋಗಬೇಕಾಯಿತು ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಹಲ್ಲು ತೆಗೆಸಿಕೊಂಡು ಬಂದು, ಬಾತ್‌ರೂಮಿನ ಚಿಲಕ ಹಾಕಿಕೊಂಡು, ಇದೊಂದೇ ಒಂದು ಸಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿರುವವರು ಎಲ್ಲಾದರೂ ಇದ್ದರೆ, ಅವರಿಗಾಗಿ ಇದು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಮನೆ ಜೆಪ್ಪುವಿನಲ್ಲಿ. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಹೊಟ್ಟೆಪಾಡು ಕನ್ನಡ. ಹೆಂಡತಿ ಲವೀನಾ ನರ್ಸ್. ಜೊತೆಗೆ ನನ್ನ ತಾಯಿ ಇದ್ದಾರೆ. ಅವರನ್ನು ನಾವು ಮಾಯ್ ಅನ್ನುತ್ತೇವೆ. ನನಗೊಬ್ಬ ಅಣ್ಣನಿದ್ದ, ಫೆಲಿಕ್ಸ್. ನಾಲ್ಕು ವರ್ಷದ ಹಿಂದೆ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡ. ಅವನದ್ದು ಶುರುವಾದದ್ದೂ ಹಲ್ಲುನೋವಿನಿಂದಲೇ, ಬಲಗಡೆ ಕೆಳದವಡೆಯ ತೀರಾ ಹಿಂದಿನ ಹಲ್ಲು. ಹಲ್ಲು ತೆಗೆಸಿದ. ಗಾಯ ಮಾಯಲಿಲ್ಲ. ಇವತ್ತು ಮಾಯ್ದೀತು, ನಾಳೆ ಮಾಯ್ದೀತು ಎಂದು ಉಪ್ಪುನೀರು ಮುಕ್ಕಳಿಸುತ್ತಾ ಎರಡು ತಿಂಗಳು ಕಳೆದ. ಆಮೇಲೆ ದವಡೆಯನ್ನೇ ತೆಗೆದರು. ಕೊನೆಕೊನೆಗೆ ಅವನ ಮಾತು ಅರ್ಥವಾಗುತ್ತಿದ್ದದ್ದು ಲವೀನಾಳಿಗೆ ಒಬ್ಬಳಿಗೇ. ಮೂಗಿನ ಕೊಳವೆಯಲ್ಲಿ ಗಂಜಿನೀರು ಕೊಡುತ್ತಾ ಅವಳು ಅವನ ಹತ್ತಿರ ಮೀನಿನ ರೇಟು, ಚರ್ಚಿನ ಸುದ್ದಿ, ಅಕ್ಕಪಕ್ಕದವರ ಜಗಳ ಎಲ್ಲ ಹೇಳುತ್ತಿದ್ದಳು. ನಾನು ಹೊರಗೆ ಆಸ್ಪತ್ರೆಯ ಕಾಂಪೌಂಡಿನ ಆಚೆ ನಿಂತು ಸಿಗರೇಟು ಸೇದುತ್ತಿದ್ದೆ. ಅಣ್ಣನ ಬಾಯಿ ಸಿಗರೇಟಿನಿಂದ ಹೋದದ್ದು ಎಂದು ಗೊತ್ತಿದ್ದೇ ಸೇದುತ್ತಿದ್ದೆ. ನಾನು ಎಂಥ ಮನುಷ್ಯ ಎಂದು ಇಲ್ಲಿಗೇ ನಿಮಗೆ ತಿಳಿದಿರಬೇಕು.

ಈ ವರ್ಷ ಬೂದಿ ಬುಧವಾರದ ದಿನ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದು ಊಟಕ್ಕೆ ಕೂತಿದ್ದೆವು. ಈಸ್ಟರಿಗೆ ಮುಂಚಿನ ಆ ನಲವತ್ತು ದಿನ ನಮ್ಮವರು ಏನಾದರೊಂದನ್ನು ಬಿಡುತ್ತಾರೆ. ಸಾಮಾನ್ಯವಾಗಿ ಮಾಂಸ, ಇಲ್ಲವೇ ಕುಡಿತ. ಮೀನನ್ನು ಮಾತ್ರ ಯಾರೂ ಬಿಡುವುದಿಲ್ಲ. ಮಂಗಳೂರಿನಲ್ಲಿ ಹುಟ್ಟಿ ಮೀನು ಬಿಡುವುದೆಂದರೆ ಹೇಗೆ? ಲವೀನಾ ತಟ್ಟೆಯಲ್ಲಿದ್ದ ಬಂಗುಡೆಯ ಮುಳ್ಳು ಬಿಡಿಸುತ್ತಾ ನನ್ನ ಮುಖ ನೋಡದೆ ಹೇಳಿದಳು:

"ಈ ಸಲ ನೀನು ಸಿಗರೇಟ್ ಬಿಡು. ನೀನು ಸಿಗರೇಟ್ ಬಿಟ್ರೆ ನಾನು ಮೀನು ಬಿಡ್ತೇನೆ."

ಮಾಯ್ ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದು ಸೊಸೆಯನ್ನು ನೋಡಿದರು. ನಾನು ನಗಬೇಕೆಂದಿದ್ದೆ. ಆದರೆ ಅವಳು ತಮಾಷೆ ಮಾಡುತ್ತಿರಲಿಲ್ಲ. ಆಯಿತು, ಬಿಟ್ಟೆ ಅಂದೆ. ಮಾರನೇ ದಿನದಿಂದ ಮೀನಿನವಳು ಬಾಗಿಲಿಗೆ ಬಂದರೆ ಮಾಯ್‌ಗೆ ಮತ್ತು ನನಗೆ ಮಾತ್ರ ಬೇಕಾದಷ್ಟು ತೆಗೆದುಕೊಂಡು, ಲವೀನಾ ಉಪ್ಪಿನಕಾಯಿಯಲ್ಲಿ ಊಟ ಮುಗಿಸತೊಡಗಿದಳು.

ನಾನೂ ಬಿಟ್ಟೆ. ನಿಜವಾಗಿ ಬಿಟ್ಟೆ, ಮೂರು ದಿನ. ನಾಲ್ಕನೇ ದಿನ ನನ್ನ ಚಿಕ್ಕಪ್ಪನ ಮಗ ವಿಲ್ಸನ್ ಸಿಕ್ಕಿದ. ದುಬೈಯಲ್ಲಿರುವವನು, ರಜೆಯಲ್ಲಿ ಬಂದಿದ್ದ. ನಾನು ಮತ್ತೆ ಮತ್ತೆ ಖಾಲಿ ಜೇಬು ತಡಕುವುದನ್ನು ನೋಡಿ ತನ್ನ ಜೇಬಿನಿಂದ ಹೈಲೈಟರ್ ಪೆನ್ನಿನಂಥ ಒಂದು ವಸ್ತು ತೆಗೆದ.

"ಇದು ಸಿಗರೇಟ್ ಅಲ್ಲ ಮಾರಾಯ. ಬೆಂಕಿ ಇಲ್ಲ, ಬೂದಿ ಇಲ್ಲ, ಹೊಗೆ ಸಹ ಇಲ್ಲ. ಬರೀ ಆವಿ. ಮಾವಿನಹಣ್ಣಿನ ಫ್ಲೇವರ್."

ನಮ್ಮಲ್ಲಿ ಈ ವೇಪ್ ಎಂಬುದನ್ನು ಮಾರುವಂತಿಲ್ಲ ಎಂದು ಗೊತ್ತಿತ್ತು. ಮಾರಾಟ ಅಲ್ಲವಲ್ಲ, ಅವನು ಸುಮ್ಮನೆ ಕೊಟ್ಟದ್ದು. ನಾಲ್ಕು ಕೊಟ್ಟ. ಶೀತವಾದಾಗ ಮಾಯ್ ತಲೆಗೆ ಬೈರಾಸು ಮುಚ್ಚಿ ಆವಿ ಹಿಡಿಸುತ್ತಿದ್ದರಲ್ಲ, ಅದರ ಹಾಗೆಯೇ ಎಂದು ಮೊದಲ ಸಲ ಎಳೆಯುವಾಗ ಅಂದುಕೊಂಡೆ. ಎದೆಯೊಳಗೆ ಹೋದದ್ದು ಅದರ ಹಾಗಿರಲಿಲ್ಲ. ನನ್ನ ಹರಕೆ ಇರುವುದು ಸಿಗರೇಟಿನ ಮೇಲೆ, ಇದು ಸಿಗರೇಟಲ್ಲ, ಮುಗಿಯಿತು. ಇಪ್ಪತ್ತು ವರ್ಷ ವ್ಯಾಕರಣ ಕಲಿಸಿದವನಿಗೆ ಇಷ್ಟು ಜಾಣತನ ಬರದಿದ್ದರೆ ಹೇಗೆ?

ಆ ವಾರವೇ ಬಲಗಡೆ ಕೆಳಗಿನ ಬುದ್ಧಿ ಹಲ್ಲು ನೋಯತೊಡಗಿತು. ನಲವತ್ತೊಂದನೇ ವಯಸ್ಸಿನಲ್ಲಿ ಬುದ್ಧಿ ಬರ್ತಾ ಉಂಟಾ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಗೇಲಿ ಮಾಡಿದರು. ಮನೆಯಲ್ಲಿ ಯಾರೂ ಗೇಲಿ ಮಾಡಲಿಲ್ಲ. ಬಲಗಡೆ, ಕೆಳಗೆ, ತೀರಾ ಹಿಂದಿನದ್ದು ಎಂದು ಕೇಳಿದ ಕೂಡಲೇ ಲವೀನಾ ಡ್ಯೂಟಿ ಬದಲಾಯಿಸಿಕೊಂಡು ನನ್ನನ್ನು ಡಾಕ್ಟರ್ ಸುಜಾತಾ ಅವರ ಹತ್ತಿರ ಕರೆದುಕೊಂಡು ಹೋದಳು. ಎಕ್ಸ್‌ರೇ ನೋಡಿ ಡಾಕ್ಟರ್, ಹಲ್ಲು ಅಡ್ಡ ಮಲಗಿದೆ, ಬೇರೆ ಏನಿಲ್ಲ, ತೆಗೆದರಾಯಿತು ಅಂದರು. ಲವೀನಾ ಮೂರು ಸಲ ಕೇಳಿದಳು, ಬೇರೆ ಏನೂ ಇಲ್ಲವಲ್ಲ ಎಂದು.

ಹಲ್ಲು ತೆಗೆದ ದಿನದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ನೋವಾಗಲಿಲ್ಲ, ಸದ್ದಾಯಿತು. ನಮ್ಮದೇ ತಲೆಯೊಳಗೆ ಯಾರೋ ಮರದ ಪೆಟ್ಟಿಗೆಯ ಮುಚ್ಚಳ ಕೀಳುವ ಸದ್ದು. ಮುಗಿದ ಮೇಲೆ ಬಾಯಿಗೆ ಹತ್ತಿ ತುರುಕಿ ಕೂರಿಸಿದರು. ಡಾಕ್ಟರ್ ಎದುರು ಬಂದು ನಿಂತು, ಒಂದೊಂದೇ ಬೆರಳು ಮಡಚುತ್ತಾ ಹೇಳಿದರು.

"ಸರ್, ಸರಿಯಾಗಿ ಕೇಳಿ. ಒಂದು ವಾರ ಎಂತದ್ದೂ ಎಳೀಬೇಡಿ. ಸಿಗರೇಟ್, ಬೀಡಿ, ಜ್ಯೂಸಿನ ಸ್ಟ್ರಾ, ಎಂತದ್ದೂ. ಹಲ್ಲು ತೆಗೆದ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿರ್ತದೆ. ಎಳೆದ್ರೆ ಅದು ಕಿತ್ತು ಬರ್ತದೆ. ಮತ್ತೆ ನೋವು ತಡೀಲಿಕ್ಕೆ ಆಗುವುದಿಲ್ಲ."

"ಇವರು ಸಿಗರೇಟ್ ಬಿಟ್ಟಿದ್ದಾರೆ ಡಾಕ್ಟ್ರೇ" ಎಂದಳು ಲವೀನಾ. ಅವಳ ದನಿಯಲ್ಲಿ ಹೆಮ್ಮೆ ಇತ್ತು. ನನ್ನ ಬಾಯಿಯಲ್ಲಿ ಹತ್ತಿ ಇತ್ತು, ಆದ್ದರಿಂದ ನಾನು ತಲೆ ಆಡಿಸಿದೆ. ಪ್ಯಾಂಟಿನ ಜೇಬಿನಲ್ಲಿ ವಿಲ್ಸನ್ ಕೊಟ್ಟದ್ದು ಇತ್ತು.

ಕೈಗೆ ಒಂದು ಅಚ್ಚು ಹಾಕಿದ ಹಾಳೆಯನ್ನೂ ಕೊಟ್ಟರು. ಅದರಲ್ಲಿ 'ಧೂಮಪಾನ ಮಾಡಬಾರದು' ಎಂದಿತ್ತು. ಮರುದಿನ ಸಾಯಂಕಾಲ ಬಾತ್‌ರೂಮಿನಲ್ಲಿ ನಿಂತು ನಾನು ಆ ಪದವನ್ನು ಮಕ್ಕಳಿಗೆ ಬಿಡಿಸಿ ಹೇಳುವ ಹಾಗೆ ನನಗೇ ಬಿಡಿಸಿ ಹೇಳಿದೆ. ಧೂಮದ ಪಾನ, ತತ್ಪುರುಷ ಸಮಾಸ. ಧೂಮ ಅಂದರೆ ಹೊಗೆ. ಇದರಲ್ಲಿ ಹೊಗೆ ಇಲ್ಲ. ಹಾಗಾಗಿ ಈ ನಿಯಮ ಇದಕ್ಕೆ ಅನ್ವಯಿಸುವುದಿಲ್ಲ. ಡಾಕ್ಟರ್ ಬೇಡ ಅಂದದ್ದು ಕ್ರಿಯಾಪದವನ್ನು, ನಾನು ಬಿಟ್ಟದ್ದು ನಾಮಪದವನ್ನು. ಈಗ ಹೇಳುವಾಗ ನಗು ಬರುತ್ತದೆ, ಆಗ ನನಗೆ ಇದು ಪೂರ್ತಿ ಸರಿ ಎಂದೇ ಅನ್ನಿಸಿತ್ತು. ಅನ್ನಿಸಿತ್ತೋ, ಅನ್ನಿಸಿಕೊಂಡೆನೋ. ನಾಲ್ಕು ಸಲ ಎಳೆದೆ. ನಾಲಿಗೆಗೆ ರಕ್ತದ ರುಚಿ ಬಂತು. ಉಗುಳಿ, ಬಾಯಿ ಒರೆಸಿಕೊಂಡು ಹೊರಗೆ ಬಂದೆ.

"ಎಂತ ಇದು, ಮಾವಿನಹಣ್ಣಿನ ಪರಿಮಳ?" ಎಂದು ಮಾಯ್ ಕೇಳಿದರು. ಮರದಲ್ಲಿ ಇನ್ನೂ ಮಿಡಿ ಇರುವ ಸಮಯ.

ಅದಕ್ಕೂ ನನ್ನ ಬಳಿ ಉತ್ತರವಿತ್ತು. ಹಲ್ಲು ತೆಗೆಸಿದವರಿಗೆ ಐಸ್‌ಕ್ರೀಮ್ ತಿನ್ನಲು ಹೇಳುತ್ತಾರೆ, ಈ ಊರಿನಲ್ಲಿ ಅದಕ್ಕೇನೂ ಬರವಿಲ್ಲ. ಸಾಕಷ್ಟು ಮಾವಿನ ಐಸ್‌ಕ್ರೀಮನ್ನೇ ತರಿಸಿ ಫ್ರಿಜ್ಜಿನಲ್ಲಿ ಇಟ್ಟುಬಿಟ್ಟಿದ್ದೆ. ಲವೀನಾ ಅದನ್ನು ಸಣ್ಣ ಬಟ್ಟಲಿಗೆ ಹಾಕಿ, ತೀರಾ ತಣ್ಣಗಿರಬಾರದೆಂದು ಸ್ವಲ್ಪ ಹೊತ್ತು ಇಟ್ಟು, ತಾನೇ ತಂದು ಕೊಡುತ್ತಿದ್ದಳು.

ನಾಲ್ಕನೇ ದಿನ ನೋವು ಬಂತು. ಅದನ್ನು ಹಲ್ಲುನೋವು ಎಂದು ಕರೆಯಲಾರೆ, ಹಲ್ಲೇ ಇಲ್ಲವಲ್ಲ ಅಲ್ಲಿ. ದವಡೆಯ ಮೂಳೆಯಿಂದ ಹೊರಟು ಕಿವಿಯ ಒಳಗೆ, ಅಲ್ಲಿಂದ ಕಣ್ಣಿನ ಪಕ್ಕಕ್ಕೆ ಹೋಗುತ್ತಿತ್ತು. ಮಾತ್ರೆ ನುಂಗಿದರೆ ಒಂದು ಗಂಟೆ ಸುಮ್ಮನಿದ್ದು ಮತ್ತೆ ಅದೇ. ನನ್ನ ಬಾಯಿಯ ವಾಸನೆಗೆ ನನಗೇ ಹೇಸಿಗೆಯಾಗಿ, ಲವೀನಾಳ ಹತ್ತಿರ ಮಾತಾಡುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಕನ್ನಡಿಯಲ್ಲಿ ಟಾರ್ಚು ಬಿಟ್ಟು ನೋಡಿದರೆ ಕೆಂಪು ಇರಬೇಕಾದ ಗುಂಡಿಯಲ್ಲಿ ಬೂದು ಬಣ್ಣ, ಅದರ ಅಡಿಯಲ್ಲಿ ಬಿಳಿಯದಾಗಿ ಮೂಳೆ. ಫೆಲಿಕ್ಸ್ ಬಾಯಿ ತೆರೆದು ತೋರಿಸುತ್ತಿದ್ದದ್ದು ನೆನಪಾಯಿತು.

ಡಾಕ್ಟರ್ ಸುಜಾತಾ ನೋಡಿದ ಕೂಡಲೇ, ಹೆಪ್ಪು ಕಿತ್ತು ಹೋಗಿದೆ ಅಂದರು. ಆಮೇಲೆ ಕೇಳಿದರು, "ಸಿಗರೇಟ್ ಎಂತಾದ್ರೂ?"

ನಾನು ಬಾಯಿ ತೆರೆಯುವ ಮುಂಚೆಯೇ ಲವೀನಾ, "ಇಲ್ಲವೇ ಇಲ್ಲ ಡಾಕ್ಟ್ರೇ, ಅದಕ್ಕೆ ನಾನು ಗ್ಯಾರಂಟಿ" ಎಂದಳು. ನಾನೂ ಇಲ್ಲ ಎಂದೆ. ಸುಳ್ಳು ಎಲ್ಲಿದೆ ಇದರಲ್ಲಿ? ಕೇಳಿದ್ದು ಸಿಗರೇಟು, ಸೇದಿಲ್ಲ. ಡಾಕ್ಟರ್ ಗುಂಡಿಯನ್ನು ತೊಳೆದು ಲವಂಗದ ಎಣ್ಣೆಯ ವಾಸನೆಯ ಪಟ್ಟಿಯೊಂದನ್ನು ಅದರಲ್ಲಿ ತುಂಬಿದರು. ಐದು ನಿಮಿಷದಲ್ಲಿ ನೋವು ಇಳಿಯಿತು. ನಾನು ಆ ಕುರ್ಚಿಯಲ್ಲೇ ಅತ್ತುಬಿಟ್ಟೆ. ಅಲ್ಲಿನ ಕೆಲಸದ ಹೆಂಗಸು, ವಯಸ್ಸಾದವರು, ಪಕ್ಕಕ್ಕೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಆ ದಿನಗಳಲ್ಲಿ ನನಗೆ ಸಿಕ್ಕಿದ ಒಳ್ಳೆಯದರಲ್ಲಿ ಅದೂ ಒಂದು. ಅವರ ಹೆಸರು ಕೇಳಬೇಕಿತ್ತು, ಕೇಳಲಿಲ್ಲ.

ನೋವು ಇಳಿದ ಮೇಲಾದರೂ ಬಿಟ್ಟೆನೇ? ಇಲ್ಲ. ನೋವಿರುವಾಗ ನೋವು ಮರೆಯಲಿಕ್ಕೆ ಎಳೆದೆ, ಇಳಿದಾಗ ಇಳಿಯಿತೆಂದು ಎಳೆದೆ. ಮತ್ತೆ ನೋವು, ಮತ್ತೆ ಹಂಪನಕಟ್ಟೆಯ ಮೆಟ್ಟಿಲು, ಮತ್ತೆ ಪಟ್ಟಿ. ಪ್ರತಿ ಸಲವೂ ಡಾಕ್ಟರ್ ಅದನ್ನೇ ಕೇಳಿದರು, ಪ್ರತಿ ಸಲವೂ ಲವೀನಾ ಅದನ್ನೇ ಹೇಳಿದಳು. ಒಂದು ಸಲ ಅವರು ಕೇಳುವ ಮುಂಚೆಯೇ ಹೇಳಿದಳು. ಶಾಲೆಯಲ್ಲಿ ಪದ್ಯ ಓದಿ ಹೇಳುವಾಗ ಳಕಾರ ಣಕಾರ ಬರದೆ, ಮಕ್ಕಳಿಗೆ ಬರೆಯಲು ಕೊಟ್ಟು ಕೂರುತ್ತಿದ್ದೆ. ಮನೆಯಲ್ಲಿ ಮಾಯ್ ಗಂಜಿಯನ್ನು ಅಗಳು ಸಿಗದ ಹಾಗೆ ಕಿವುಚಿ ಕೊಡುತ್ತಿದ್ದರು. ಒಂದು ದಿನ ಬಟ್ಟಲು ಇಡುತ್ತಾ, "ಫೆಲಿಕ್ಸನಿಗೂ ಹೀಗೇ ಕೊಡ್ತಿದ್ದೆ" ಎಂದರು. ಲವೀನಾ ಅವರನ್ನು ತಡೆಯುವಂತೆ ನೋಡಿದಳು. ಅವರು ಮತ್ತೆ ಆ ಹೆಸರು ಎತ್ತಲಿಲ್ಲ, ಆದರೆ ನಾನು ಉಣ್ಣುವಷ್ಟು ಹೊತ್ತೂ ಎದುರು ಕೂತು ನನ್ನ ದವಡೆಯನ್ನೇ ನೋಡುತ್ತಿದ್ದರು.

ಮೂರು ವಾರವಾಯಿತು. ಗುಂಡಿ ಮುಚ್ಚಲಿಲ್ಲ. ಅಂಚು ದಪ್ಪವಾಗಿ ಊದಿಕೊಂಡಿತ್ತು. ಡಾಕ್ಟರ್ ತುಂಬಾ ಹೊತ್ತು ಕನ್ನಡಿ ಹಿಡಿದು ನೋಡಿ, ದೀಪ ಆರಿಸಿ, ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತರು. ಡಾಕ್ಟರು ಸ್ಟೂಲು ಹತ್ತಿರ ತಂದು ಕೂತರೆ ಒಳ್ಳೆಯ ಸುದ್ದಿ ಇರುವುದಿಲ್ಲ ಎಂದು ಫೆಲಿಕ್ಸ್‌ನ ಕಾಲದಿಂದ ನಮಗೆ ಗೊತ್ತು.

"ನೋಡಿ ಸರ್, ಸಿಗರೇಟ್ ಎಳೆಯುವವರಾದ್ರೆ ಹೀಗಾಗುವುದು ಉಂಟು, ನಾನು ಹೆದರುವುದಿಲ್ಲ. ನೀವು ಬಿಟ್ಟಿದ್ದೀರಿ. ಶುಗರ್ ಇಲ್ಲ. ಮಾತ್ರೆ ಸರಿಯಾಗಿ ತಗೊಂಡಿದ್ದೀರಿ. ಮತ್ತೆ ಯಾಕೆ ಮಾಯುವುದಿಲ್ಲ? ನಿಮ್ಮ ಅಣ್ಣನ ವಿಷಯ ಮೇಡಂ ಹೇಳಿದ್ರು. ಒಂದು ಸಣ್ಣ ಚೂರು ತೆಗೆದು ಟೆಸ್ಟಿಗೆ ಕಳಿಸುವಾ."

ಬಯಾಪ್ಸಿ ಎಂಬ ಶಬ್ದವನ್ನು ಅವರು ಹೇಳಲಿಲ್ಲ. ನರ್ಸ್ ಆದ ಲವೀನಾಳಿಗೆ ಅದನ್ನು ಹೇಳಬೇಕಾಗಿಯೂ ಇರಲಿಲ್ಲ. ಅವಳ ಕೈ ನನ್ನ ಮೊಣಕೈಯನ್ನು ಹಿಡಿದುಕೊಂಡಿತು, ಅದು ತಣ್ಣಗಾಗಿತ್ತು. ನಾನು ಆಗಲೇ ಹೇಳಬೇಕಿತ್ತು. ಬಾಯಿ ಖಾಲಿಯಿತ್ತು, ಹತ್ತಿಯೂ ಇರಲಿಲ್ಲ. ಚೂರು ತೆಗೆಯಲು ಸೂಜಿ ಚುಚ್ಚುವವರೆಗೂ ಸಮಯವಿತ್ತು. ಹೇಳಲಿಲ್ಲ.

ವರದಿ ಬರಲಿಕ್ಕೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನಗಳ ಬಗ್ಗೆ ಬರೆಯುವುದು ನನಗೆ ನೋವಿನ ಬಗ್ಗೆ ಬರೆಯುವುದಕ್ಕಿಂತ ಕಷ್ಟ. ಲವೀನಾ ಅಳಲಿಲ್ಲ. ಕಪಾಟಿನ ಮೇಲಿಂದ ಫೆಲಿಕ್ಸ್‌ನ ಆಸ್ಪತ್ರೆಯ ಫೈಲನ್ನು ಇಳಿಸಿ, ಧೂಳು ಒರೆಸಿ, ಊಟದ ಮೇಜಿನ ಮೇಲೆ ಒಂದೊಂದೇ ಹಾಳೆ ಹರಡಿಕೊಂಡು ಓದಿದಳು. ಅವನಿಗೆ ಮೊದಲ ದಿನ ಏನಾಗಿತ್ತು, ಎಷ್ಟನೇ ವಾರದಲ್ಲಿ ಏನು ಎಂದು ಬೆರಳಿಟ್ಟು ನೋಡಿ, ನನ್ನ ಚೀಟಿಗಳನ್ನು ಪಕ್ಕದಲ್ಲಿ ಇಟ್ಟು ಹೋಲಿಸಿದಳು. ಉದ್ದದ ರಜೆ ಸಿಗುತ್ತದೆಯೇ ಎಂದು ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿದಳು. ಶುಕ್ರವಾರ ಇಗರ್ಜಿಯಲ್ಲಿ ಶಿಲುಬೆಹಾದಿಯ ಪ್ರಾರ್ಥನೆಯಲ್ಲಿ ಎಲ್ಲರೂ ಎದ್ದು ನಿಂತಾಗ ಅವಳೊಬ್ಬಳು ಮೊಣಕಾಲ ಮೇಲೆಯೇ ಇದ್ದಳು. ಊಟಕ್ಕೆ ಬರೀ ಅನ್ನ, ಉಪ್ಪಿನಕಾಯಿ. ಅದನ್ನೂ ಅರ್ಧಕ್ಕೆ ಬಿಡುತ್ತಿದ್ದಳು.

ನಾನು ಒಂದು ಮಾತು ಹೇಳಿದ್ದರೆ ಅವಳ ಭಯ ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು ಇಳಿಯುತ್ತಿತ್ತು. ಗಾಯ ಮಾಯದೇ ಇರಲಿಕ್ಕೆ ಕಾರಣ ಉಂಟು, ಅದು ನನ್ನ ಪ್ಯಾಂಟಿನ ಜೇಬಿನಲ್ಲಿದೆ ಎಂದು. ಯಾಕೆ ಹೇಳಲಿಲ್ಲ? ಒಂದು, ನಾಚಿಕೆ. ಎರಡನೆಯದನ್ನು ಹೇಳಲು ಇನ್ನೂ ನಾಚಿಕೆ: ವರದಿ ಬಂದು ಕ್ಯಾನ್ಸರ್ ಇದ್ದರೆ ಯಾರೂ ನನ್ನನ್ನು ಬೈಯುವುದಿಲ್ಲ, ಇಲ್ಲದಿದ್ದರೆ ಸಂತೋಷದಲ್ಲಿ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಅದೂ ಅಲ್ಲದೆ ನನಗೂ ಭಯವಾಗಿತ್ತು. ನಿಜವಾಗಿ ಅದೇ ಇದ್ದರೆ? ಭಯವಾದಾಗೆಲ್ಲ ಬಾತ್‌ರೂಮಿಗೆ ಹೋಗುತ್ತಿದ್ದೆ. ಸಾವಿಗೆ ಹೆದರಿ ಸಾವನ್ನೇ ಎಳೆಯುವುದು ಅಂದರೆ ಏನೆಂದು ಸೇದದವರಿಗೆ ತಿಳಿಸುವುದು ಕಷ್ಟ. ಸೇದುವವರಿಗೆ ತಿಳಿಸಬೇಕಾಗಿಲ್ಲ.

ವರದಿಯ ದಿನ ಲವೀನಾ ಡಾಕ್ಟರ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರ್ ಲಕೋಟೆಯಿಂದ ಹಾಳೆ ತೆಗೆದು, "ಕೆಟ್ಟದ್ದು ಎಂತ ಇಲ್ಲ. ದೇವರ ದಯೆ" ಎಂದರು.

ಲವೀನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಸೈಬಾ, ಸೈಬಾ" ಎಂದು ದೇವರನ್ನು ಕರೆಯುತ್ತಾ, ಒಂಬತ್ತು ದಿನದ್ದನ್ನು ಒಟ್ಟಿಗೆ ಅತ್ತಳು. ನಾನು ಅವಳ ಬೆನ್ನು ಸವರಿದೆ. ಮುಗಿಯಿತು, ದೇವರು ನನ್ನನ್ನು ಪಾರು ಮಾಡಿದ ಎಂದುಕೊಂಡೆ.

"ಆದ್ರೆ ನನಗೆ ಸಮಾಧಾನ ಇಲ್ಲ" ಎಂದರು ಡಾಕ್ಟರ್. "ನಾನು ತೆಗೆದದ್ದು ಮೇಲಿನ ಚೂರು. ಕಾರಣ ಇಲ್ಲದೆ ಇಷ್ಟು ದಿನ ಹೀಗೆ ಇರ್ಲಿಕ್ಕೆ ಸಾಧ್ಯ ಇಲ್ಲ. ಅಡಿಯಲ್ಲಿ ಎಂತಾದ್ರೂ ಉಂಟಾ ನೋಡ್ಬೇಕು. ಸ್ಕ್ಯಾನ್ ಮಾಡಿಸಿ. ದೊಡ್ಡ ಸರ್ಜನ್‌ಗೆ ಬರೆದು ಕೊಡ್ತೇನೆ, ಅವರು ಮೂಳೆಯಿಂದಲೇ ಸ್ವಲ್ಪ ತೆಗೀಲಿ."

ಅವರು ಹೇಳಿದ ಹೆಸರು ಫೆಲಿಕ್ಸ್‌ನ ದವಡೆ ತೆಗೆದ ಸರ್ಜನ್‌ನದ್ದು. ಲವೀನಾ ಕಣ್ಣು ಒರೆಸಿಕೊಂಡು ನೆಟ್ಟಗೆ ಕೂತಳು. "ಈಗಲೇ ಹೋಗ್ತೇವೆ ಡಾಕ್ಟ್ರೇ" ಎಂದಳು. ಡಾಕ್ಟರ್ ಬರೆಯತೊಡಗಿದರು.

"ಬರೀಬೇಡಿ ಡಾಕ್ಟ್ರೇ" ಎಂದೆ.

ಜೇಬಿನಿಂದ ಅದನ್ನು ತೆಗೆದು ಅವರ ಸಲಕರಣೆಗಳ ತಟ್ಟೆಯ ಮೇಲೆ ಇಟ್ಟೆ. ಹಸಿರು ಮತ್ತು ಹಳದಿ ಬಣ್ಣದ್ದು, ಮಕ್ಕಳ ಆಟಿಕೆಯ ಹಾಗೆ ಕಾಣುತ್ತಿತ್ತು.

"ಯಾವಾಗಿಂದ?" ಎಂದು ಕೇಳಿದರು.

"ಹಲ್ಲು ತೆಗೆದ ಮರುದಿನದಿಂದ."

"ನಾನು ಪ್ರತಿ ಸಲ ಕೇಳಿದ್ದೆ ಅಲ್ವಾ ಸರ್?"

"ನೀವು ಕೇಳಿದ್ದು ಸಿಗರೇಟ್ ಅಂತ."

ಈ ಮಾತು ನನ್ನ ಬಾಯಿಂದಲೇ ಬಂತು. ಡಾಕ್ಟರ್ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಸಿಟ್ಟಿಗಿಂತ ಹೆಚ್ಚಾಗಿ ಅವರಿಗೆ ಆಶ್ಚರ್ಯವಾಗಿತ್ತು.

"ಎಳೀಬೇಡಿ ಅಂದಿದ್ದೆ ನಾನು. ಎಂತದ್ದೂ ಎಳೀಬೇಡಿ ಅಂತ. ನೀವು ಶಾಲೆಯಲ್ಲಿ ಎಂತ ಕಲಿಸುವುದು?"

"ಕನ್ನಡ" ಎಂದೆ.

ಪಕ್ಕದ ಕುರ್ಚಿ ಸರಿದ ಸದ್ದಾಯಿತು. ತಿರುಗಿ ನೋಡಿದಾಗ ಲವೀನಾ ಬಾಗಿಲು ದಾಟಿ ಆಗಿತ್ತು.

ಕೆಳಗೆ ರಸ್ತೆಬದಿಯಲ್ಲಿ ಅವಳು ನಿಂತಿದ್ದಳು. ನಮ್ಮ ಬಸ್ಸು ಬಂತು, ಕಂಡಕ್ಟರ್ ಜೆಪ್ಪು ಜೆಪ್ಪು ಎಂದು ಕೂಗುತ್ತಿದ್ದ. "ನೀನು ಹೋಗು. ನನಗೆ ಬಂದರ್‌ನಲ್ಲಿ ಸ್ವಲ್ಪ ಕೆಲಸ ಉಂಟು" ಎಂದು ಅವಳು ಆ ಬಿಸಿಲಿನಲ್ಲಿ ಇಳಿಜಾರಿನ ಕಡೆ ನಡೆದಳು. ನಾನು ಒಬ್ಬನೇ ಮನೆಗೆ ಬಂದೆ. ಮಾಯ್‌ಗೆ ವರದಿಯ ವಿಷಯ ಹೇಳಿದೆ. ಅವರು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಶಿಲುಬೆ ಗುರುತು ಹಾಕಿದರು. ಉಳಿದದ್ದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ಒಂದೂವರೆ ಗಂಟೆಯ ನಂತರ ಲವೀನಾ ಬಂದಳು. ಕೈಚೀಲದಲ್ಲಿ ಬಂಗುಡೆ. ನೇರ ಹೋಗಿ ಹಿತ್ತಲಿನ ಕಲ್ಲಿನ ಮೇಲೆ ಕೂತು ಮೀನು ಕೊಯ್ದಳು. ಮಸಾಲೆ ಅರೆದು ಹಚ್ಚಿದಳು. ಕಾವಲಿಯ ಮೇಲೆ ಮೀನು ಕಾಯುವ ಸದ್ದು ಕೇಳಿ ಮಾಯ್ ಅಡಿಗೆಮನೆಯ ಬಾಗಿಲಿಗೆ ಬಂದರು. ಒಂದು ತಟ್ಟೆಯಲ್ಲಿ ಅನ್ನ ಬಡಿಸಿಕೊಂಡು, ಎರಡು ಬಂಗುಡೆ ಹಾಕಿಕೊಂಡು ಸೊಸೆ ಉಣ್ಣುತ್ತಿರುವುದನ್ನು ನೋಡಿ ಅವರಿಗೆ ದಿಗಿಲಾಯಿತು.

"ಮಗಾ, ಈಸ್ಟರಿಗೆ ಇನ್ನೂ ದಿನ ಉಂಟಲ್ಲ?"

"ನಂದು ಮುಗೀತು ಮಾಯ್" ಎಂದಳು ಲವೀನಾ.

ಅವಳು ನಿಧಾನವಾಗಿ, ಒಂದು ಮುಳ್ಳೂ ಬಿಡದೆ ಬಿಡಿಸಿ ಎರಡನ್ನೂ ತಿಂದಳು. ನಾನು ಎದುರಿನ ಕುರ್ಚಿಯಲ್ಲಿ ಕೂತೆ. ಏನಾದರೂ ಬೈಯಲಿ, ತಟ್ಟೆ ಎತ್ತಿ ಬಿಸಾಡಲಿ ಎಂದು ಕಾದೆ. ಕೈ ತೊಳೆದು ಬಂದ ಮೇಲೆ ಒಂದೇ ಒಂದು ಮಾತು ಹೇಳಿದಳು.

"ಒಂಬತ್ತು ದಿನ ರೋನಿ. ಒಂಬತ್ತು ದಿನ ನಾನು ದಿನಾ ನಿನ್ನನ್ನು ಮಣ್ಣು ಮಾಡ್ತಿದ್ದೆ. ನೀನು ಎದುರು ಕೂತು ಐಸ್‌ಕ್ರೀಮ್ ತಿಂತಿದ್ದೆ."

ಆಮೇಲಿನ ದಿನಗಳು ಮೇಲಿಂದ ನೋಡಿದರೆ ಎಲ್ಲ ಸರಿಯಾದ ದಿನಗಳು. ಆ ವಸ್ತುವನ್ನು ಡಾಕ್ಟರ ಕಸದ ಡಬ್ಬಿಯಲ್ಲೇ ಬಿಟ್ಟು ಬಂದಿದ್ದೆ, ಉಳಿದಿದ್ದ ಒಂದನ್ನು ಸುತ್ತಿಗೆಯಿಂದ ಜಜ್ಜಿದೆ. ಮೊದಲ ವಾರ ಬೆವರು, ಸಿಟ್ಟು, ನಿದ್ದೆಯಿಲ್ಲ. ತರಗತಿಯಲ್ಲಿ ಸುಮ್ಮಸುಮ್ಮನೆ ರೇಗಿದೆ. ಗಾಯ ಮಾತ್ರ ಇಷ್ಟು ದಿನ ಇದಕ್ಕೇ ಕಾಯುತ್ತಿತ್ತೋ ಎಂಬಂತೆ ತುಂಬತೊಡಗಿತು. ನಾಲ್ಕೈದು ದಿನದಲ್ಲಿ ನೋವು ಹೋಯಿತು. ನಾಲಿಗೆ ಆ ಕಡೆ ಹೋದರೆ ಹಿಂದಿನಂತೆ ಬೆಚ್ಚಿ ವಾಪಸು ಬರುತ್ತಿರಲಿಲ್ಲ.

ಲವೀನಾ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟಳು. ಉಪ್ಪುನೀರು ಬಿಸಿ ಮಾಡಿ ಇಟ್ಟಳು. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಮನೆಗೆ ಬಂದ ನೆಂಟರ ಎದುರು ನಕ್ಕಳು. ನಾನು ಬಾತ್‌ರೂಮಿನಿಂದ ಹೊರಗೆ ಬಂದರೆ ಮಾತ್ರ ಅವಳ ಮೂಗು ಒಂದು ಕ್ಷಣ ಗಾಳಿಯನ್ನು ಮೂಸುವುದು ಕಾಣುತ್ತಿತ್ತು. ಬೇಕೆಂದು ಮಾಡುತ್ತಿದ್ದದ್ದಲ್ಲ. ನಾನು ನೋಡಿದೆನೆಂದು ತಿಳಿದಾಗ ಅವಳಿಗೇ ನಾಚಿಕೆಯಾಗುತ್ತಿತ್ತು. ಒಮ್ಮೆ ಕ್ಷಮೆ ಕೇಳಿದೆ. ಆಯಿತು ಬಿಡು ಅಂದಳು. ಆ ಮಾತಿನಲ್ಲಿ ಏನೂ ಇರಲಿಲ್ಲ, ಸಿಟ್ಟು ಸಹ.

ನನ್ನ ಹಾಗೆ ಕಷ್ಟಪಡುತ್ತಿರುವವರಿಗೆ ಹೇಳುವುದು ಇಷ್ಟೇ. ಹೊಗೆಯೋ ಆವಿಯೋ, ಕೊಳವೆಯೋ ಪೆನ್ನೋ, ಆ ಹೆಪ್ಪಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಎಳೆದಾಗಿದ್ದರೆ ಡಾಕ್ಟರಿಗೆ ಹೇಳಿಬಿಡಿ, ಕೇಳದಿದ್ದರೂ ಹೇಳಿ. ಅವರು ಬೈಯುತ್ತಾರೆ, ಅಷ್ಟೇ. ಬೈಗುಳವನ್ನು ಸಹಿಸಬಹುದು. ಮುಖ್ಯವಾಗಿ, ನಿಮ್ಮ ಪರವಾಗಿ ಬೇರೆಯವರು ಬಾಯಿ ತೆರೆಯುವ ಮುಂಚೆ ಹೇಳಿ.

ಈಸ್ಟರ್ ಕಳೆದ ಮೇಲೆ ಕೊನೆಯ ಸಲ ಹೋಗಬೇಕಿತ್ತು. ಲವೀನಾ ಬರುತ್ತಾಳೆಂದು ಅಂದುಕೊಂಡಿರಲಿಲ್ಲ, ಬಂದಳು. ನಾನು ಕುರ್ಚಿಯಲ್ಲಿ ಒರಗಿದೆ, ಅವಳು ಗೋಡೆಯ ಪಕ್ಕ ಕೂತಳು. ಡಾಕ್ಟರ್ ನೋಡಿ, ಬೆರಳಿನಿಂದ ಒತ್ತಿ, ದೀಪ ಆರಿಸಿದರು.

"ಚೆನ್ನಾಗಿ ತುಂಬಿ ಬಂದಿದೆ. ಮತ್ತೆ ಎಂತದ್ದೂ ಎಳೀಲಿಲ್ಲ ಅಲ್ವಾ?"

"ಇಲ್ಲ ಡಾಕ್ಟ್ರೇ" ಎಂದೆ. ಹದಿನೆಂಟು ದಿನದಿಂದ ಏನೂ ಎಳೆದಿರಲಿಲ್ಲ. ಆ ಕೋಣೆಯಲ್ಲಿ ನಾನು ಆ ಪ್ರಶ್ನೆಗೆ ಕೊಟ್ಟ ಮೊದಲ ನಿಜವಾದ ಉತ್ತರ ಅದು. ಅದನ್ನು ಯಾರಾದರೂ ನಂಬಲಿ ಎಂದು ತುಂಬಾ ಆಸೆಯಾಯಿತು.

ಡಾಕ್ಟರ್ ಅಭ್ಯಾಸದಂತೆ ಲವೀನಾಳ ಕಡೆ ತಿರುಗಿದರು. ಅವಳು ಮಡಿಲಲ್ಲಿದ್ದ ಬ್ಯಾಗನ್ನು ನೋಡುತ್ತಿದ್ದಳು.

"ನನಗೆ ಗೊತ್ತಿಲ್ಲ ಡಾಕ್ಟ್ರೇ" ಎಂದಳು. "ಗಾಯ ನೋಡಿ ನೀವೇ ಹೇಳ್ಬೇಕು."

ಡಾಕ್ಟರ್ ಆರಿಸಿದ್ದ ದೀಪವನ್ನು ಮತ್ತೆ ಹಾಕಿದರು. ನಾನು ಬಾಯಿ ತೆರೆದೆ.